ಚಾರ್ಜಿಂಗ್ ರೂಮಿನ ಹಣತೆ

ಫೋರ್ಕ್‌ಲಿಫ್ಟ್ ಬ್ಯಾಟರಿ ಸಿಡಿದು ಅವಳ ಗಂಡ ಸತ್ತಿದ್ದು ಗೋದಾಮಿನ ಚಾರ್ಜಿಂಗ್ ರೂಮಿನಲ್ಲಿ. "ಚಾರ್ಜಿಗೆ ಹಾಕಿದಾಗ ಗ್ಯಾಸ್ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು ವಿಚಾರಣೆಯಲ್ಲಿ ಮ್ಯಾನೇಜರ್ ಕೈತೊಳೆದುಕೊಂಡಿದ್ದ.

ವರ್ಷ ತುಂಬಿದ ದಿನ, ಸತ್ತ ಜಾಗದಲ್ಲೇ ದೀಪ ಹಚ್ಚಬೇಕೆಂದು ಮ್ಯಾನೇಜರನ್ನು ಅಲ್ಲಿಗೆ ಕರೆತಂದಳು. ಬ್ಯಾಟರಿಗೆ ಚಾರ್ಜರ್ ವೈರ್ ಸಿಕ್ಕಿಸಿತ್ತು, ಗಾಳಿ ಹೊರಹಾಕುವ ಫ್ಯಾನ್ ನಿಂತಿತ್ತು. ಹಣತೆಯಿಟ್ಟು ಬೆಂಕಿಪೊಟ್ಟಣ ತೆಗೆದಳು.

"ಏಯ್, ಕಡ್ಡಿ ಗೀರ್ಬೇಡ! ಗ್ಯಾಸ್ ತುಂಬಿರುತ್ತೆ, ಇಬ್ರೂ ಸುಟ್ಟುಹೋಗ್ತೀವಿ!"

"ಅವತ್ತೂ ಫ್ಯಾನ್ ಕೆಟ್ಟಿತ್ತಲ್ವಾ ಸಾರ್?"

"ಕೆಟ್ಟಿತ್ತು. ನಿನ್ನ ಗಂಡ ಹೇಳಿದ್ದ, ನಾನೇ ರಿಪೇರಿ ಮಾಡಿಸ್ಲಿಲ್ಲ. ತಪ್ಪಾಯ್ತು ತಾಯಿ, ಬೆಂಕಿಪೊಟ್ಟಣ ಕೊಡು!"

ಅವಳು ಕಡ್ಡಿ ಗೀರಿದಳು. ಅವನು ಚೀರಿ ಮೂಲೆಗೆ ಬಿದ್ದ. ಹಣತೆ ಉರಿಯಿತು.

"ಚಾರ್ಜರಿನ ಮೇನ್ ಸ್ವಿಚ್ಚೇ ಹಾಕಿಲ್ಲ ಸಾರ್, ಗ್ಯಾಸ್ ಎಲ್ಲಿಂದ ಬರುತ್ತೆ?" ಎಂದವಳು ಬಾಗಿಲಿನತ್ತ ತಿರುಗಿದಳು. "ಇನ್‌ಸ್ಪೆಕ್ಟರ್ ಸಾಹೇಬ್ರೇ, ಹೊರಗೆ ಎಲ್ಲಾ ಕೇಳಿಸ್ತಲ್ವಾ?"