ಗುಬ್ಬಿಗೆ ಬೇಕಿದ್ದ ರಕ್ತ

ರಕ್ತ ಕೊಡಲು ನರ್ಸ್ ಎರಡನೇ ಸಲ ಕರೆದಾಗ ಲಿಫ್ಟ್ ಮೆಕ್ಯಾನಿಕ್ ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದ. "ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾರಂತೆ, ಹೋಗ್ಲೇಬೇಕು," ಎಂದು ಹೆಂಡತಿಗೆ ಹೇಳಿ ಮೆಟ್ಟಿಲಿಳಿದ. ಫೋನು ರಿಂಗೇ ಆಗಿರಲಿಲ್ಲ.

ಹೆಂಡತಿ ತಡೆಯಲಿಲ್ಲ. "ಇನ್ನೊಂದು ದಿನ ಇಬ್ಬರೂ ಒಟ್ಟಿಗೇ ಕೊಡ್ತೀವಿ," ಎಂದು ನರ್ಸಿಗೆ ಹೇಳಿ, ಮಗಳು ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಅವಳೂ ಹೊರಬಿದ್ದಳು.

ಗುಬ್ಬಿಗೆ ಆರು ವರ್ಷ. ಮಾತು ಬಂದಿಲ್ಲ. ಅಂಗಿಯ ಹೊಲಿಗೆ ಮೈಗೆ ತಾಗಿದರೆ ಕಿರುಚುತ್ತಾಳೆ. ಹಾಗಾಗಿ, ಶಾಲೆಯ ಸಮವಸ್ತ್ರ ಹೊಲಿದು ಬದುಕುವ ಅವಳಮ್ಮ ಮಗಳ ಅಂಗಿಗಳಿಗೆ ಮಾತ್ರ ಹೊಲಿಗೆಯನ್ನು ಹೊರಗಿಟ್ಟು ಹೊಲಿಯುತ್ತಾಳೆ. ಅಪ್ಪ ಕೆಲಸದಿಂದ ಬಂದರೆ ಅವನ ಬೆರಳಿನ ಗ್ರೀಸ್ ವಾಸನೆ ಮೂಸಿಯೇ ಗುಬ್ಬಿ ಊಟಕ್ಕೆ ಕೂರುವುದು. ಆಟಿಸಂ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಹೆಂಡತಿ ಅತ್ತರು, ಆಮೇಲೆ ಹೊಂದಿಕೊಂಡರು. ಹೊಂದಿಕೊಳ್ಳಲು ಆಗದೆ ಹೋದದ್ದು ಫಿಟ್ಸ್. ಒಂದೊಂದು ಸಲ ಬಂದುಹೋದಾಗಲೂ ಅದು ಗುಬ್ಬಿ ಕಲಿತದ್ದರಲ್ಲಿ ಏನಾದರೊಂದನ್ನು ಹೊತ್ತುಕೊಂಡು ಹೋಗುತ್ತಿತ್ತು. ಈಚೆಗೆ ಅವಳಿಗೆ ಚಮಚ ಹಿಡಿಯುವುದೂ ಮರೆತುಹೋಗಿತ್ತು.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ನರದ ಜೀವಕೋಶಗಳಿಗೆ ಸಣ್ಣ ಸಣ್ಣ ಬಾಗಿಲುಗಳಿರ್ತವೆ. ಉಪ್ಪಿನ ಕಣಗಳು ಹೋಗಿಬರೋಕೆ. ಅಯಾನ್ ಚಾನೆಲ್ ಅಂತೀವಿ. ನಿಮ್ಮ ಮಗಳಲ್ಲಿ ಆ ಬಾಗಿಲು ಕಟ್ಟೋ ಜೀನ್ ಒಂದು ಕಡೆ ಬದಲಾಗಿದೆ. ಆಟಿಸಂಗೆ ಅದೂ ಒಂದು ಕಾರಣ ಇರಬಹುದು. ಫಿಟ್ಸ್‌ಗೂ ಇರಬಹುದು."

"ಬಾಗಿಲು ಮುಚ್ಚೋದು ತಡ ಆಗ್ತಿದೆಯೋ, ತೆರೀತಾನೇ ಇಲ್ವೋ?" ಮೆಕ್ಯಾನಿಕ್ ಕೇಳಿದ್ದ.

"ಅದೇ ತಿಳೀಬೇಕು. ಮುಚ್ಚೋದು ತಡವಾಗ್ತಿದ್ರೆ ಒಂದು ಔಷಧಿ ಇದೆ. ತೆರೀದೇ ಇದ್ರೆ ಅದೇ ಔಷಧಿ ಮಗು ಸ್ಥಿತಿನ ಇನ್ನೂ ಕೆಡಿಸುತ್ತೆ. ಅದಕ್ಕೂ ಮೊದಲು, ಕಾರಣ ಈ ಬದಲಾವಣೆನೇನಾ ಅಂತ ಗೊತ್ತಾಗ್ಬೇಕು. ಆರೋಗ್ಯವಾಗಿರೋ ಹೆತ್ತವರಲ್ಲೂ ಇದು ಇದ್ರೆ ಕಾರಣ ಬೇರೆಲ್ಲೋ ಇರುತ್ತೆ. ಇಬ್ಬರ ರಕ್ತವೂ ಬೇಕು. ಒಬ್ಬರದಾದ್ರೂ ಬೇಕೇಬೇಕು."

ಸುದ್ದಿ ಮೆಕ್ಯಾನಿಕ್‌ನ ಅಕ್ಕನ ಕಿವಿಗೂ ಬಿತ್ತು. "ನಮ್ಮ ಕಡೆ ಇಂಥದ್ದು ಯಾರಿಗೂ ಇಲ್ಲಪ್ಪ. ಧೈರ್ಯವಾಗಿ ಕೊಡು. ಯಾರಿಂದ ಬಂತು ಅಂತ ಗೊತ್ತಾಗ್ಲಿ," ಎಂದಳು, ತಮ್ಮನ ಹೆಂಡತಿಯ ಎದುರಿಗೇ. ಹೆಂಡತಿ ಗುಬ್ಬಿಯ ಬಾಯಿ ಒರೆಸುತ್ತ ಕೂತಿದ್ದಳು. ತಮ್ಮನ ಮುಖ ಬಿಳಿಚಿಕೊಂಡದ್ದು ನೋಡಿ ಅಕ್ಕನಿಗೇ ಏನೋ ಅನುಮಾನ ಬಂದು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಆಮೇಲೆ ಹೆಂಡತಿ ಬದಲಾದಳು. ಗುಬ್ಬಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮಧ್ಯಾಹ್ನ ಎಲ್ಲೋ ಹೋಗುತ್ತಿದ್ದಳು. ಕೇಳಿದರೆ ಬಟ್ಟೆ ತರಲು ಎನ್ನುತ್ತಿದ್ದಳು. ವಾಪಸು ಬರುವಾಗ ಬರಿಗೈ, ಬಾಡಿದ ಮುಖ. ತನ್ನಂಥ ಹೇಡಿಯ ಜೊತೆ ಬಾಳಿ ಅವಳಿಗೂ ಸಾಕಾಗಿರಬೇಕು ಅಂದುಕೊಂಡ. ಬಿಡಿಸಿ ಕೇಳಲು ಬಾಯಿ ಬರಲಿಲ್ಲ. ಸೂಜಿ ಕಂಡರೆ ಓಡುವವನಿಗೆ ಇನ್ನೊಬ್ಬರನ್ನು ಕೇಳಲು ಯಾವ ಮುಖ?

ಒಂದು ಸಂಜೆ ಗುಬ್ಬಿಗೆ ಬಂದ ಫಿಟ್ಸ್ ಬಿಡಲೇ ಇಲ್ಲ. ತುಟಿ ನೀಲಿಗಟ್ಟಿತು. ಅವನು ಅವಳ ತಲೆ ಹಿಡಿದುಕೊಂಡ, ಹೆಂಡತಿ ಕಾಲು ಹಿಡಿದುಕೊಂಡಳು. ಕೊನೆಗೆ ಮೈ ಸಡಿಲಾದಾಗ ಗುಬ್ಬಿ ಅಪ್ಪನ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡಳು. ಆದರೆ ಅದು ಯಾರ ಬೆರಳೆಂಬ ಗುರುತು ಕಣ್ಣಲ್ಲಿ ಮೂಡಲಿಲ್ಲ.

"ನಾಳೆ ಏನಾದ್ರೂ ಆಗ್ಲಿ," ಹೆಂಡತಿ ಅಂದಳು. "ಈ ರಕ್ತದ ವಿಷಯ ಮುಗಿಸಿಬಿಡ್ಬೇಕು."

"ಹೂಂ," ಅಂದ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಬೆಳಗ್ಗೆ ಕೆಲಸಕ್ಕೆಂದು ಹೊರಟವನು ನೇರ ಆಸ್ಪತ್ರೆಗೆ ಬಂದ.

"ನನ್ನ ರಕ್ತ ತಗೊಂಡು ಪ್ರಯೋಜನ ಇಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಎದ್ದು ಬಾಗಿಲು ಮುಚ್ಚಿ ಬಂದರು. "ಇಂಥದ್ದು ನಮಗೆ ಹೊಸದಲ್ಲ. ಈ ಕೋಣೆಯಿಂದ ಮಾತು ಆಚೆ ಹೋಗಲ್ಲ. ತಾಯಿಯದಾದ್ರೂ ಸಾಕು."

"ಅವಳದ್ದೂ ಪ್ರಯೋಜನ ಇಲ್ಲ."

ಆರು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಅವನು ನೆಲ ನೋಡುತ್ತ ಹೇಳಿದ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೆಂಡತಿ ಎಚ್ಚರ ತಪ್ಪಿದ್ದಳು. ಅವಳು ಕಣ್ಣು ಬಿಡುವ ಮೊದಲೇ ಮಗು ತೀರಿಕೊಂಡಿತು. ಪಕ್ಕದ ಮಂಚದಲ್ಲಿ ಒಬ್ಬ ಹುಡುಗಿ. ಅವಳ ಜೊತೆಗೆ ಯಾರೂ ಬಂದಿರಲಿಲ್ಲ. ಹೆತ್ತದ್ದನ್ನು ಮನೆಗೆ ಒಯ್ಯಲಾರೆ ಎಂದು ಅಳುತ್ತಿದ್ದಳು. ಆಯಾ ಆ ಕೂಸನ್ನು ತಂದು ಇವನ ಕೈಗಿಟ್ಟಳು. ಯಾರಿಗೆ ಕೊಟ್ಟೆನೆಂದು ಆ ಹುಡುಗಿಗೂ ಹೇಳಲಿಲ್ಲ.

"ಅವಳಿಗೆ ಎಚ್ಚರ ಆದಾಗ ಪಕ್ಕದಲ್ಲಿ ಮಗು ಇತ್ತು. ಎದೆಗೆ ಹಾಕ್ಕೊಂಡ್ಲು. ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾದ್ರೆ ಒಂದೇ ದಿನ ಎರಡು ಮಕ್ಕಳನ್ನ ಕಳ್ಕೊಂಡ ಹಾಗೆ. ಅವಳು ಉಳಿಯಲ್ಲ."

"ಆ ಹುಡುಗಿ ಈಗ ಎಲ್ಲಿದ್ದಾಳೆ?"

"ಹುಡುಕೋಕೆ ನಂಗೆ ಧೈರ್ಯ ಬರಲಿಲ್ಲ." ಏಳಹೋಗಿ, ವಾಲಿ ಮೇಜು ಹಿಡಿದುಕೊಂಡ. ಡಾಕ್ಟರಮ್ಮ ತೋಳು ಹಿಡಿದು, ಪರದೆಯ ಹಿಂದಿನ ಮಂಚದ ಮೇಲೆ ಮಲಗಿಸಿದರು.

ಬಾಗಿಲು ತೆರೆದ ಸದ್ದಾಯಿತು. ಒಳಗೆ ಬಂದವರು ಇಬ್ಬರು. ಒಂದು ದನಿ ಅವನ ಹೆಂಡತಿಯದು, ಓಡಿ ಬಂದವಳಂತೆ ಏದುತ್ತಿತ್ತು.

"ಊರೆಲ್ಲ ಅಲೆದು ಕೊನೆಗೂ ಕರ್ಕೊಂಡು ಬಂದೆ ಡಾಕ್ಟ್ರೇ. ಗುಬ್ಬಿನ ಹೆತ್ತವಳು ಇವಳೇ, ಪಕ್ಕದ ಮಂಚದಲ್ಲಿದ್ದವಳು. ಎಚ್ಚರ ತಪ್ಪೋ ಮುಂಚೆ ನಾನು ನನ್ನ ಮಗು ಮುಖ ನೋಡಿದ್ದೆ, ಎಚ್ಚರ ಆದಾಗ ಪಕ್ಕದಲ್ಲಿದ್ದದ್ದು ಬೇರೆ ಮುಖ, ಇವಳ ಮಡಿಲು ಖಾಲಿ. ಕೇಳಿದ್ರೆ ಇದನ್ನೂ ಕಿತ್ಕೊಳ್ತಾರೆ ಅಂತ ಸುಮ್ಮನಾದೆ. ಇವಳ ರಕ್ತ ತಗೊಳ್ಳಿ." ಆಮೇಲೆ ದನಿ ತಗ್ಗಿಸಿದಳು.

"ನಮ್ಮನೆಯವರಿಗೆ ಮಾತ್ರ ತಿಳಿಸ್ಬೇಡಿ, ಪಾಪ, ಅವರು ಗುಬ್ಬಿ ತಮ್ಮದೇ ರಕ್ತ ಅಂದ್ಕೊಂಡಿದ್ದಾರೆ."