ಬಣ್ಣ ಬಿಡಿಸಿದ ವಿಮಾನ

ಪುಟ್ಟ ಆಟಿಕೆ ವಿಮಾನದ ಬಾಲ ಅವಳ ಕೈಗವಸಿನ ಬೆರಳಿಗೆ ಅಂಟಿಕೊಂಡು ಜಗ್ಗಿಬಂತು. ಬಣ್ಣ ಬಿಡಬೇಕಿತ್ತು, ಪ್ಲಾಸ್ಟಿಕ್ಕೇ ಕರಗಿ ಮೇಣದಂತಾಗಿತ್ತು. ಯಾವಾಗಲೂ ಬಳಸುವ ಸ್ಪಿರಿಟ್ ಮುಗಿದಿತ್ತು, ಗಂಡನೊಬ್ಬನನ್ನೇ ಬಿಟ್ಟು ಅಂಗಡಿಗೆ ಓಡುವ ಹಾಗಿರಲಿಲ್ಲ. ಅದೂ ಬಣ್ಣ ತೆಗೆಯುವುದೇ, ಇದೂ ಬಣ್ಣ ತೆಗೆಯುವುದೇ ಎಂದುಕೊಂಡು ನೇಲ್ ಪಾಲಿಶ್ ರಿಮೂವರ್ ಸುರಿದಿದ್ದಳು. ಹಾಳು ಬುದ್ಧಿ!

ಮನೆಯಲ್ಲಿ ಉಳಿದಿದ್ದ ವಿಮಾನ ಇದೊಂದೇ. ಎಲ್ಲ ಮರೆಯುತ್ತಾ ಬಂದ ಗಂಡನಿಗೆ ಬಣ್ಣ ಬಳಿಯುವುದು ಮಾತ್ರ ಮರೆತಿರಲಿಲ್ಲ. ಕೈಯಲ್ಲಿ ಕುಂಚವಿದ್ದರೆ ಮಗುವಿನಂತೆ ತಣ್ಣಗಿರುತ್ತಿದ್ದ. ಇಲ್ಲದಿದ್ದರೆ “ನಾನು ಮನೆಗೆ ಹೋಗ್ಬೇಕು” ಎಂದು ತನ್ನ ಮನೆಯದೇ ಬಾಗಿಲನ್ನು ಒಳಗಿನಿಂದ ಬಡಿಯುತ್ತಿದ್ದ. ಹಾಗಾಗಿ ಅವನು ಬಳಿದು ಮುಗಿಸುವುದು, ಅವನು ಮಲಗಿದಾಗ ಇವಳು ಬಚ್ಚಲಿನ ಕಿಟಕಿ ತೆರೆದು, ವಿಮಾನವನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ, ಹೊಸದೆಂಬಂತೆ ಮೇಜಿನ ಮೇಲಿಡುವುದು ನಡೆದಿತ್ತು.

ಮಗಳು ಫೋನಿನಲ್ಲಿ, “ಅಮ್ಮಾ, ಅಪ್ಪಂಗೆ ಮೋಸ ಮಾಡ್ತಿದ್ದೀಯಲ್ಲಾ” ಅಂದಿದ್ದಳು.

“ನೀನು ಬಂದು ಒಂದು ದಿನ ನೋಡ್ಕೊ ತಾಯಿ, ಆಮೇಲೆ ಮಾತಾಡು” ಎಂದು ಇವಳು ರೇಗಿದ್ದಳು.

ಈಗ ನಾಳೆ ಏನು ಕೊಡುವುದು? ಸೋಪಿನ ನೀರಲ್ಲಿ ಅದ್ದಿ ಒತ್ತಿ ಸರಿಮಾಡಹೋದರೆ ಬಾಲ ಇನ್ನಷ್ಟು ಸೊಟ್ಟಗಾಯಿತು. ಬಚ್ಚಲ ಕಟ್ಟೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

“ರಿಮೂವರ್ ಹಾಕಿದ್ರಾ?” ಗಂಡ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. “ಅಯ್ಯಯ್ಯೋ, ಅದು ಪ್ಲಾಸ್ಟಿಕ್ಕನ್ನೇ ತಿಂದುಹಾಕುತ್ತೆ ಕಣ್ರೀ.”

ಇಷ್ಟು ವರ್ಷ ‘ಕಣೇ’ ಎಂದ ಬಾಯಿ ಅದು. ಇವತ್ತು ಅವಳು ಅವನ ಪಾಲಿಗೆ ಯಾರೋ ಕೆಲಸದವಳು.

“ಇನ್ನೊಂದು ಹೊಸದು ತಂದ್ಕೊಡ್ತೀನಿ” ಎಂದಳು, ಸುಳ್ಳುಸುಳ್ಳೇ.

“ಎಲ್ಲಿಂದ ತರ್ತೀರಾ? ಇರೋದು ಇದೊಂದೇ, ನಂಗೊತ್ತಿಲ್ವಾ?” ಅವನು ಸೊಟ್ಟ ವಿಮಾನವನ್ನೆತ್ತಿ ಟವಲಿನಿಂದ ಒರೆಸತೊಡಗಿದ. “ನನ್ನ ಹೆಂಡ್ತಿ ಇದನ್ನೇ ತೊಳೆದು ತೊಳೆದು ಮುಂದಿಡ್ತಾಳೆ. ಬಳಿದೂ ಬಳಿದೂ ಸಾಕಾಗಿಹೋಗಿದೆ ನಂಗೆ.”

ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದ.

“ಅವಳಿಗೆ ಮಾತ್ರ ಹೇಳ್ಬೇಡಿ. ನಾನು ಬಳೀತಾ ಕೂತಾಗ್ಲೇ, ಪಾಪ, ಅವಳು ನೆಮ್ಮದಿಯಾಗಿ ಎರಡು ತುತ್ತು ತಿನ್ನೋದು.”