ಜ್ವರದ ಚಾರ್ಟು

“ಇದು ಈ ಹುಡುಗನ ಸ್ಕ್ಯಾನ್ ಅಲ್ಲ,” ಎಂದು ಡಾಕ್ಟರ್ ಗುರುಬಸವರಾಜ ಕಾಗದವನ್ನು ಮೇಜಿನ ಮೇಲೆ ಬಡಿದರು. “ದಾವಣಗೆರಿಯವ್ರು ಅದಲುಬದಲು ಮಾಡ್ಯಾರ.”

“ಇಲ್ರೀ ಸರ, ನಾನ ಟೇಬಲ್ ಮ್ಯಾಲೆ ಮಲಗಿಸಿದ್ದೆ. ಗಾಳೆಪ್ಪ ಅಂತನ ಬರದಾರ ನೋಡ್ರಿ,” ಎಂದಳು ಹೊನ್ನೂರಮ್ಮ. ನಾಲ್ಕು ವರ್ಷದ ಗಾಳೆಪ್ಪ ಅವಳ ತೊಡೆಯ ಮೇಲೆ ಕೂತು ಬೆರಳ ತುದಿಯ ಸುಲಿದ ಚರ್ಮ ಕೀಳುತ್ತಿದ್ದ. ಪಕ್ಕದಲ್ಲಿ ಅವಳ ಅತ್ತೆ ಕೆಂಚಕ್ಕ. ಮೂವರೂ ಕೋಗಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು.

ಹೆಸರು ಸರಿಯಾಗಿಯೇ ಇತ್ತು. ಹೃದಯದ ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಡಾಕ್ಟರು ಹಳೆಯ ಚಾರ್ಟು ತೆಗೆದರು. ಹದಿನೈದು ದಿನದ ಹಿಂದೆ ಇದು ಚಿಕ್ಕ ಮಕ್ಕಳ ರಕ್ತನಾಳ ಕೆಡಿಸುವ ಕವಾಸಾಕಿ ಕಾಯಿಲೆ ಎಂದು ಗುರುತಿಸಿ, ಬೆಂಗಳೂರಿನಿಂದ ಔಷಧಿ ತರಿಸಿ, ಹರಪನಹಳ್ಳಿಯ ಈ ನರ್ಸಿಂಗ್ ಹೋಮಿನಲ್ಲೇ ಏರಿಸಿದ್ದರು. ಔಷಧಿ ಹಿಡಿದರೆ ಒಂದೂವರೆ ದಿನದಲ್ಲಿ ಜ್ವರ ಬಿಡಬೇಕು. ಬಿಡದಿದ್ದರೆ ಇನ್ನೊಮ್ಮೆ ಕೊಡಬೇಕು. ಇಲ್ಲವಾದರೆ ಹೃದಯಕ್ಕೆ ಕುತ್ತು. ಚಾರ್ಟಿನಲ್ಲಿದ್ದದ್ದು ತೊಂಬತ್ತೆಂಟು, ತೊಂಬತ್ತೆಂಟು, ಮತ್ತೆ ತೊಂಬತ್ತೆಂಟು. ಅದನ್ನು ನಂಬಿ ಮೂರನೆಯ ದಿನ ಮನೆಗೆ ಕಳಿಸಿದ್ದರು.

“ಮನಿಗೆ ಹೋದ ಮ್ಯಾಲೆ ಜ್ವರ ಬಂತೇನು?”

“ಬೆಚ್ಚಗಿತ್ರಿ,” ಎಂದಳು ಕೆಂಚಕ್ಕ. “ಮೈಮ್ಯಾಲೆ ಕೆಂಪಗ ಎದ್ದ ಅಮ್ಮ ಅಂದ್ರ ಒಮ್ಮಿಗೇ ಎದ್ದು ಹೋಗ್ತಾಳೇನ್ರಿ? ಈಗ ಹೋಗ್ಯಾಳ. ಚರ್ಮ ಸುಲದೈತಿ ನೋಡ್ರಿ. ಮೊನ್ನಿ ತಲಿಮ್ಯಾಲೆ ನೀರು ಹಾಕಿ, ತಾಯಿಗಿ ಎಡಿ ಕೊಟ್ಟು ಬಂದೀವಿ.”

“ಇದು ಅಮ್ಮ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿನಗ? ಚರ್ಮ ಸುಲಿಯೋದು ಈ ಜಡ್ಡಿನ ಗುರುತು, ವಾಸಿಯಾದ ಗುರುತಲ್ಲ!” ಡಾಕ್ಟರು ಬಾಗಿಲ ಕಡೆ ಕೂಗಿದರು. “ಗೀತಾಂಜಲಿ, ಜ್ವರ ನೋಡು ಬಾ.”

ನರ್ಸ್ ಗೀತಾಂಜಲಿ ಥರ್ಮಾಮೀಟರ್ ಜಾಡಿಸುತ್ತ ಬಂದಳು. ಹೇಳುವ ಮೊದಲೇ ಹುಡುಗ ತೋಳೆತ್ತಿದ. ಎತ್ತಿದವನು ಹಳೆಯ ರೂಢಿಯಂತೆ ಅಜ್ಜಿಯ ಕಡೆ ತಿರುಗಿ, “ಅಜ್ಜೀ, ಬಗಲಾಗಿನ ತಪ್ಪಲ ತಗಿ, ನರ್ಸಮ್ಮ ಬಂದ್ಲು,” ಎಂದ.

ಗೀತಾಂಜಲಿಯ ಕೈ ಅಲ್ಲೇ ನಿಂತಿತು.

“ಯಾವ ತಪ್ಪಲ?” ಎಂದರು ಡಾಕ್ಟರು.

“ಬೇವಿನ ಎಲಿರಿ.” ಕೆಂಚಕ್ಕ ಸೆರಗು ಸರಿಮಾಡಿಕೊಂಡಳು. “ತಣ್ಣೀರಾಗ ನೆನಸಿ, ಬಟ್ಟಿಯಾಗ ಸುತ್ತಿ, ಎರಡೂ ಬಗಲಾಗ ಇಡ್ತಿದ್ದೆ. ಹಣಿನೂ ಒರಸ್ತಿದ್ದೆ. ತಾಯಿ ತಣ್ಣಗಾಗ್ಲಿ ಅಂತ. ನರ್ಸಮ್ಮನ ಚಪ್ಪಲಿ ಸಪ್ಪಳ ಕೇಳಿದ್ ಕೂಡ್ಲೇ ತಗದು ಉಡಿಯಾಗ ಇಟ್ಕೊಂತಿದ್ದೆ.”

“ಮೂರು ದಿನಾನೂ?”

“ಮೂರು ದಿನಾನೂ.”

ಡಾಕ್ಟರು ಹೊನ್ನೂರಮ್ಮನನ್ನು ನೋಡಿದರು. ಅವಳು ತಲೆ ಬಗ್ಗಿಸಿ ಮಗನ ಎತ್ತಿದ ತೋಳನ್ನು ಕೆಳಗಿಳಿಸಿದಳು.

“ಬಗಲು ತಣ್ಣಗಿದ್ರ ಥರ್ಮಾಮೀಟರಿಗೆ ಜ್ವರ ಹೆಂಗ ತಿಳಿತೈತಿ? ಜ್ವರ ಬಿಟ್ಟಿಲ್ಲ ಅಂತ ಗೊತ್ತಾಗಿದ್ರ ಎರಡನೇ ಸಲ ಔಷಧಿ ಕೊಡ್ತಿದ್ದೆ!” ಡಾಕ್ಟರು ಮೇಜು ಗುದ್ದಿದರು. “ಇನ್ನ ಈ ಹುಡುಗ ಓಡಂಗಿಲ್ಲ, ಜಿಗಿಯಂಗಿಲ್ಲ. ಆ ನಾಳ ಯಾವತ್ತು ಕಟ್ಕೊಂತೈತೋ ನನಗೂ ಗೊತ್ತಿಲ್ಲ. ಯಾಕ ಮುಚ್ಚಿಟ್ಟಿ ನನಗ? ಯಾಕ?”

ಕೆಂಚಕ್ಕ ಎರಡೂ ಕೈ ಜೋಡಿಸಿದಳು.

“ಮೊದಲ್ನೇ ದಿನ ಮಂಚದ ಕಾಲಿಗಿ ಕಟ್ಟಿದ್ದ ಬೇವಿನ ತಪ್ಪಲ ಕಿತ್ತು ನನ್ನ ಮಾರಿ ಮ್ಯಾಲೆ ಒಗದ್ರಲ್ರಿ ಸರ. ಇನ್ನೊಮ್ಮಿ ಇದು ನನ್ನ ಕಣ್ಣಿಗಿ ಬಿದ್ರ ಕೂಸಿನ ಸಮೇತ ಹೊರಗ ಹಾಕ್ತೀನಿ ಅಂದ್ರಿ. ಅದಕ್ಕ, ನಿಮ್ಮ ಕಣ್ಣಿಗಿ ಬೀಳದಂಗ ನೋಡ್ಕೊಂಡೆ.”